ಹದ್ದು ಕೊಕ್ಕು ಮುರಿದುಕೊಳ್ಳುವುದಿಲ್ಲ: ನಡೆಯುತ್ತಾ ಪ್ರಕೃತಿಯಿಂದ ಕಲಿಯುವ ಬಗೆ

ಈ ಕಥೆ ನಿಮ್ಮ ಫೋನಿಗೂ ಬಂದಿರುತ್ತದೆ. ಹದ್ದಿಗೆ 40 ವರ್ಷ ಆದಾಗ ಕೊಕ್ಕು ಬಾಗಿ ಹೋಗುತ್ತದೆ, ಉಗುರು ಮೊಂಡಾಗುತ್ತದೆ, ರೆಕ್ಕೆ ಭಾರವಾಗುತ್ತದೆ. ಆಗ ಅದು ಬೆಟ್ಟದ ತುದಿಗೆ ಹೋಗಿ ಕೊಕ್ಕನ್ನು ಬಂಡೆಗೆ ಬಡಿದು ಮುರಿದುಕೊಳ್ಳುತ್ತದೆ. ಐದು ತಿಂಗಳು ಕಾದು, ಹೊಸ ಕೊಕ್ಕು, ಹೊಸ ಉಗುರು ಬಂದ ಮೇಲೆ ಇನ್ನೂ 30 ವರ್ಷ ಬದುಕುತ್ತದೆ. ಕೆಳಗೆ ಕೈಮುಗಿಯುವ ಚಿತ್ರದ ಜೊತೆ ಒಂದು ಸಾಲು: ನೋವಿಲ್ಲದೆ ಬದಲಾವಣೆ ಇಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ, ಕಂಪನಿಯ ತರಬೇತಿಯಲ್ಲಿ, ಮದುವೆ ಮನೆಯ ಹರಟೆಯಲ್ಲೂ ಇದನ್ನು ಕೇಳಿದ್ದೇನೆ.

ಶುದ್ಧ ಸುಳ್ಳು. ಕೊಕ್ಕು ಮುರಿದ ಹದ್ದು ತಿನ್ನಲಾರದು, ಹಸಿದು ಸಾಯುತ್ತದೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಕೊಕ್ಕಿನ ಹೊರಕವಚವೂ ಅದರಿಂದಲೇ ಆಗಿದೆ. ಅದು ದಿನವೂ ಬೆಳೆಯುತ್ತದೆ, ದಿನವೂ ಸವೆಯುತ್ತದೆ. ಗರಿ ಕೂಡ ಒಂದೊಂದಾಗಿ ಉದುರಿ ಹೊಸದು ಬರುತ್ತಲೇ ಇರುತ್ತದೆ. ಅದೂ ಅಲ್ಲದೆ ಕಾಡಿನಲ್ಲಿ ದೊಡ್ಡ ಹದ್ದುಗಳು ಬದುಕುವುದೇ ಸಾಮಾನ್ಯವಾಗಿ 20-30 ವರ್ಷ.

ಕಥೆ ಸುಳ್ಳಾದರೇನು, ನೀತಿ ಚೆನ್ನಾಗಿದೆಯಲ್ಲ ಅಂತ ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸುಳ್ಳು ಹದ್ದು ಹೇಳುವುದು, ಒಂದು ದಿನ ಎಲ್ಲವನ್ನೂ ಒಡೆದು ಹೊಸದಾಗಿ ಶುರು ಮಾಡು ಅಂತ. ನಿಜವಾದ ಹದ್ದು ಮಾಡುವುದು ಅದರ ಉಲ್ಟಾ: ಹಾರುತ್ತಾ, ಬೇಟೆಯಾಡುತ್ತಾ, ಕೆಲಸ ನಿಲ್ಲಿಸದೆ ಒಂದೊಂದೇ ಗರಿ ಬದಲಾಯಿಸಿಕೊಳ್ಳುವುದು. 45ನೇ ವಯಸ್ಸಿಗೆ ಕೆಲಸ ಬಿಟ್ಟುಬಿಡಲಾ ಅಂತ ಯೋಚಿಸುತ್ತಿರುವ ಒಬ್ಬ ಮನುಷ್ಯನಿಗೆ ಈ ಎರಡು ಹದ್ದುಗಳು ಕೊಡುವ ಸಲಹೆ ಒಂದೇ ಅಲ್ಲ, ಅಲ್ವಾ?

ಹಾಗಾಗಿ ಈ ಲೇಖನದ ಕ್ರಮ ಇಷ್ಟು. ಮೊದಲು ನೋಡಬೇಕು. ಆಮೇಲೆ ನೋಡಿದ್ದು ಏನು ಅಂತ ತಿಳಿಯಬೇಕು. ಪಾಠದ ಸರದಿ ಅದಾದ ಮೇಲೆ. ನಾವು ಸಾಮಾನ್ಯವಾಗಿ ಮನೆಯಿಂದಲೇ ಪಾಠ ಹೊತ್ತುಕೊಂಡು ಹೋಗಿ, ಅದಕ್ಕೊಂದು ಮರ ಹುಡುಕಿ, ಮರಕ್ಕೆ ನೇತುಹಾಕಿ ಬರುತ್ತೇವೆ.

ಇದು ಹೊಸ ವಿದ್ಯೆಯೇನಲ್ಲ. ಭಾಗವತದ ಹನ್ನೊಂದನೇ ಸ್ಕಂಧದಲ್ಲಿ ಒಬ್ಬ ಅವಧೂತ ಯದು ರಾಜನಿಗೆ ತನ್ನ 24 ಗುರುಗಳ ವಿಷಯ ಹೇಳುತ್ತಾನೆ. ಭೂಮಿ, ಗಾಳಿ, ನೀರು, ಪಾರಿವಾಳ, ಹೆಬ್ಬಾವು, ಜೇನುಹುಳು, ಜಿಂಕೆ, ಮೀನು, ಜೇಡ ಎಲ್ಲ ಅದರಲ್ಲಿವೆ. ಮನೆಯಲ್ಲಿ ಅಜ್ಜಿಯರು ಹೇಳುವಾಗ ಇದು ಬರೀ ಪಟ್ಟಿಯಾಗಿ ಬಿಡುತ್ತದೆ. ಆದರೆ ಗಮನಿಸಿದರೆ ಎರಡು ವಿಷಯ ಕಾಣುತ್ತವೆ. ಒಂದು, ಪ್ರತಿ ಪ್ರಾಣಿಯೂ ಅಲ್ಲಿ ಏನೋ ಒಂದನ್ನು ಮಾಡುತ್ತಿದೆ. ಬಾಯಲ್ಲಿ ಮಾಂಸ ಹಿಡಿದ ಹಕ್ಕಿಯನ್ನು ಬೇರೆ ಹಕ್ಕಿಗಳು ಅಟ್ಟಿಸಿಕೊಂಡು ಬರುತ್ತವೆ, ಅದು ಮಾಂಸ ಬಿಟ್ಟ ಕೂಡಲೇ ಕಾಟ ನಿಲ್ಲುತ್ತದೆ. ಇವತ್ತಿಗೂ ಮೀನುಗಾರಿಕೆ ಬಂದರಿನಲ್ಲಿ ಅರ್ಧ ಗಂಟೆ ನಿಂತರೆ ಗರುಡ, ಹದ್ದು, ಕಾಗೆಗಳ ನಡುವೆ ಇದನ್ನೇ ನೋಡಬಹುದು. ಇನ್ನೊಂದು, ಗುರುಗಳೆಲ್ಲ ಅನುಸರಿಸಬೇಕಾದವರಲ್ಲ. ಪಾರಿವಾಳ, ಜಿಂಕೆ, ಮೀನು ಅಲ್ಲಿರುವುದು ಎಚ್ಚರಿಕೆಯಾಗಿ. ಈ ಎರಡನೇ ಮಾತು ಮುಂದೆ ಬೇಕಾಗುತ್ತದೆ.

ನಡೆಯುವ ಜಾಗ

ಹತ್ತಿರದ್ದೇ ಇರಲಿ. ಕುದುರೆಮುಖಕ್ಕೆ ವರ್ಷಕ್ಕೊಮ್ಮೆ ಹೋಗುವುದಕ್ಕಿಂತ ಮನೆ ಹತ್ತಿರದ ಕೆರೆ ಏರಿ ಮೇಲೆ ವಾರಕ್ಕೆ ಮೂರು ದಿನ ನಡೆಯುವುದು ಈ ಕೆಲಸಕ್ಕೆ ಜಾಸ್ತಿ ಉಪಯೋಗ. ಕಾರಣ ಸರಳ. ದಾರಿ ಅದೇ ಆಗಿದ್ದರೆ ಮಾತ್ರ ಏನು ಬದಲಾಯಿತು ಅಂತ ಗೊತ್ತಾಗುತ್ತದೆ. ಹೊಸ ಜಾಗದಲ್ಲಿ ಎಲ್ಲವೂ ಹೊಸದು, ಕಣ್ಣಿಗೆ ಹಬ್ಬ, ಆದರೆ ಯಾವುದರ ಹಿಂದುಮುಂದೂ ತಿಳಿಯದು.

ಬೆಂಗಳೂರಿನವರಿಗೆ ಲಾಲ್‌ಬಾಗ್ ಇದೆ, ಧಾರವಾಡದವರಿಗೆ ಸಾಧನಕೇರಿ ಇದೆ. ನನ್ನ ಉದಾಹರಣೆಗಳು ಹೆಚ್ಚಾಗಿ ಮೈಸೂರಿನ ಕುಕ್ಕರಹಳ್ಳಿ ಕೆರೆಯವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ ಅದು. ಕುವೆಂಪು ವಾಕಿಂಗ್ ಹೋಗುತ್ತಿದ್ದ ದಾರಿಯೂ ಅದೇ. ಸುತ್ತಲೂ ಮಣ್ಣಿನ ಹಾದಿ, ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ಬೆಳಿಗ್ಗೆ ಒಂದಷ್ಟು ಜನ. ನಿಮ್ಮೂರಿನ ಕೆರೆಗೆ ಹೆಸರೇ ಇಲ್ಲದಿದ್ದರೂ ನಡೆಯುತ್ತದೆ. ಎರಡು ಮರ, ಸ್ವಲ್ಪ ನೀರು, ವಾಹನ ಬರದ ಅರ್ಧ ಕಿಲೋಮೀಟರ್ ಇದ್ದರೆ ಸಾಕು.

ಹೊರಡುವ ಮೊದಲು ಒಂದು ಸಾಲು

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ, ಜೇಬಿಗೆ ಹಿಡಿಸುವಂಥದ್ದು. ಹೊರಡುವ ಮೊದಲು ನಿಮ್ಮನ್ನು ಕಾಡುತ್ತಿರುವ ಒಂದೇ ಒಂದು ಪ್ರಶ್ನೆಯನ್ನು ಅದರಲ್ಲಿ ಬರೆಯಿರಿ. ದೊಡ್ಡದಾಗಿ ‘ಜೀವನದ ಅರ್ಥವೇನು’ ಅಂತೆಲ್ಲ ಬೇಡ. ‘ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ, ನಾನೇ ಮೊದಲು ಫೋನ್ ಮಾಡಲಾ?’ ‘ಸಂಜೆ ಮನೆಗೆ ಬಂದ ಕೂಡಲೇ ಮಕ್ಕಳ ಮೇಲೆ ಯಾಕೆ ರೇಗುತ್ತೇನೆ?’ ‘ಅಂಗಡಿಯನ್ನು ಮಗನಿಗೆ ಯಾವಾಗ ಬಿಟ್ಟುಕೊಡಲಿ?’ ಇಂಥವು. ಮನೆಯವರಿಗೆ ಹೇಳಿದರೆ ಅರ್ಥವಾಗುವಷ್ಟು ನಿರ್ದಿಷ್ಟವಾಗಿರಬೇಕು.

ಬರೆದಾದ ಮೇಲೆ ಪುಸ್ತಕ ಜೇಬಿಗೆ ಹಾಕಿ ಮರೆತುಬಿಡಿ. ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿದರೆ ಕೆರೆ ಸುತ್ತಿದ್ದೂ ಒಂದೇ, ಮನೆಯ ಹಾಲ್ ಸುತ್ತಿದ್ದೂ ಒಂದೇ.

ಫೋನ್ ಸೈಲೆಂಟ್‌ನಲ್ಲಿರಲಿ. ಫೋಟೋ ಬೇಡ ಅಂತ ಹೇಳುವುದಿಲ್ಲ, ಹೆಸರು ಗೊತ್ತಿಲ್ಲದ ಹಕ್ಕಿಯನ್ನೋ ಗಿಡವನ್ನೋ ಆಮೇಲೆ ಗುರುತಿಸಲು ಒಂದು ಫೋಟೋ ಬೇಕಾಗುತ್ತದೆ. ಆದರೆ ನೋಡಿ ಮುಗಿಸಿದ ಮೇಲೆ ತೆಗೆಯಿರಿ. ಮೊದಲೇ ತೆಗೆದರೆ, ಸಿಕ್ಕಿತು ಅನ್ನುವ ಸಮಾಧಾನದಲ್ಲಿ ಕಾಲು ಮುಂದಕ್ಕೆ ಹೋಗಿಬಿಡುತ್ತದೆ.

ಮೊದಲ ಕಾಲು ಗಂಟೆ ಸುಮ್ನೆ ನಡೆಯಿರಿ. ತಲೆಯೊಳಗೆ ಗ್ಯಾಸ್ ಬುಕಿಂಗ್, ಇಎಂಐ, ನಿನ್ನೆ ಆಫೀಸಿನಲ್ಲಿ ಅವರು ಹೇಳಿದ ಮಾತು, ಎಲ್ಲವೂ ಓಡುತ್ತಿರುತ್ತವೆ. ಓಡಲಿ ಬಿಡಿ. ತಡೆಯಲು ಹೋದಷ್ಟೂ ಜಾಸ್ತಿಯಾಗುತ್ತವೆ.

ಒಂದರ ಮುಂದೆ ನಿಲ್ಲಿ, ಕ್ರಿಯಾಪದ ಮಾತ್ರ ಬರೆಯಿರಿ

ಇಡೀ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಕಣ್ಣಿಗೆ ಬಿದ್ದ ಯಾವುದೋ ಒಂದರ ಮುಂದೆ ಹತ್ತು ನಿಮಿಷ ನಿಲ್ಲಬೇಕು. ಅದು ಏನು ಮಾಡುತ್ತಿದೆಯೋ ಅಷ್ಟನ್ನೇ ಬರೆಯಬೇಕು. ‘ಪಾಪ’, ‘ಖುಷಿಯಾಗಿ’, ‘ಧ್ಯಾನದಲ್ಲಿ’, ‘ಹೆಮ್ಮೆಯಿಂದ’ ಇವೆಲ್ಲ ನಿಷಿದ್ಧ. ಅವು ನಿಮ್ಮ ಮಾತು, ಹಕ್ಕಿಯದಲ್ಲ.

ಕುಕ್ಕರಹಳ್ಳಿಯಲ್ಲಿ ನೀರಿನಿಂದ ಮೇಲೆದ್ದ ಒಣ ಕೊಂಬೆಯ ಮೇಲೆ ನೀರುಕಾಗೆ ಕೂತಿರುತ್ತದೆ. ಮೈಯೆಲ್ಲ ಕಪ್ಪು, ಕೊಕ್ಕಿನ ತುದಿ ಕೊಕ್ಕೆ. ಎರಡೂ ರೆಕ್ಕೆ ಅಗಲವಾಗಿ ಬಿಚ್ಚಿಕೊಂಡಿದೆ. ನೋಡಿದ ಕೂಡಲೇ ಹೆಚ್ಚಿನವರು ಹೇಳುವುದು, ‘ಆಹಾ, ಸೂರ್ಯನಮಸ್ಕಾರ ಮಾಡ್ತಿದೆ!’ ಈಗ ಹತ್ತು ನಿಮಿಷದ ಟಿಪ್ಪಣಿ ಹೀಗಿರಬಹುದು:

ಮುಳುಗಿತು. ತುಂಬ ಹೊತ್ತು ಕಾಣಲಿಲ್ಲ. ದೂರದಲ್ಲಿ ಎದ್ದಿತು. ಈಜುವಾಗ ಕುತ್ತಿಗೆ ಮಾತ್ರ ಮೇಲೆ, ಬೆನ್ನು ನೀರಿನ ಮಟ್ಟಕ್ಕೇ ಇದೆ. ಮತ್ತೆ ಮುಳುಗಿತು. ಮೀನು ತಂದಿತು, ತಲೆ ಕಡೆಯಿಂದ ತಿರುಗಿಸಿ ನುಂಗಿತು. ಏಳಲು ರೆಕ್ಕೆ ಬಡಿಯಿತು, ನೀರಿನ ಮೇಲೆ ತುಂಬ ದೂರ ಕಾಲು ಹೊಡೆಯಿತು, ಆಮೇಲೆ ಎದ್ದಿತು. ಕೊಂಬೆಗೆ ಬಂತು. ರೆಕ್ಕೆ ಒದರಿತು. ಬಿಚ್ಚಿತು. ಹಾಗೇ ಇದೆ. ಪಕ್ಕದಲ್ಲಿ ಇನ್ನೊಂದು ಬಂದು ಕೂತಿತು. ಜರುಗಲಿಲ್ಲ.

ಇದರಲ್ಲಿ ನೀತಿ ಎಲ್ಲೂ ಇಲ್ಲ. ಇರಬಾರದು ಕೂಡ. ಆದರೆ ಒಂದು ವಿಚಿತ್ರ ಸಿಕ್ಕಿದೆ: ನೀರಿನ ಹಕ್ಕಿ, ನೀರಿನಿಂದ ಏಳುವುದಕ್ಕೇ ಕಷ್ಟಪಡುತ್ತಿದೆ. ಅದೇ ಕೆರೆಯ ಬಾತುಗಳು ಹೀಗೆ ರೆಕ್ಕೆ ಒಣಗಿಸುವುದನ್ನು ನೀವು ನೋಡುವುದಿಲ್ಲ. ಯಾಕೆ? ಈ ‘ಯಾಕೆ’ ಹುಟ್ಟಿತು ಅಂದರೆ ನಿಮ್ಮ ನಡಿಗೆ ಸಾರ್ಥಕ.

ಯಾಕೆ ಹಾಗೆ ಅಂತ ತಿಳಿದುಕೊಳ್ಳಿ

ಮನೆಗೆ ಬಂದು ಹುಡುಕಿ. ಹಕ್ಕಿಗೆ ಮರ್ಲಿನ್ ಅನ್ನುವ ಉಚಿತ ಆ್ಯಪ್ ಇದೆ, ಧ್ವನಿಯಿಂದಲೂ ಗುರುತಿಸುತ್ತದೆ. ಗಿಡ, ಹುಳ, ಅಣಬೆಗೆ ಐನ್ಯಾಚುರಲಿಸ್ಟ್ ಇದೆ. ಮರಗಳ ಚಿಗುರು, ಹೂವು, ಕಾಯಿಯನ್ನು ವರ್ಷವಿಡೀ ದಾಖಲಿಸುವ ಆಸೆ ಇದ್ದರೆ ಸೀಸನ್‌ವಾಚ್ ಸೇರಬಹುದು. ಅದು ಸಾಮಾನ್ಯ ಜನರೇ ಮರವನ್ನು ಗಮನಿಸಿ ಬರೆದು ಕಳಿಸುವ ಯೋಜನೆ.

ಆ್ಯಪಿಗಿಂತ ಮೊದಲು ಬಾಯಿಬಿಟ್ಟು ಕೇಳಿ. ಕೆರೆಯಲ್ಲಿ ಬಲೆ ಹಾಕುವವರನ್ನು, ಕುರಿ ಮೇಯಿಸುವವರನ್ನು, ತೋಟದ ಮಾಲಿಯನ್ನು. ‘ಅಣ್ಣಾ, ಇದ್ಯಾವ ಮರ?’ ಅಂದರೆ ಸಾಕು, ಹೆಸರಿನ ಜೊತೆಗೆ ಅದರ ಎಲೆ ದನ ತಿನ್ನುತ್ತದೋ ಇಲ್ಲವೋ, ಕಟ್ಟಿಗೆ ಒಲೆಗೆ ಆಗುತ್ತದೋ ಇಲ್ಲವೋ, ಎಲ್ಲ ಬರುತ್ತದೆ. ಅಮ್ಮನನ್ನೋ ಅತ್ತೆಯನ್ನೋ ಜೊತೆಗೆ ಕರೆದುಕೊಂಡು ಹೋದರೆ ದಾರಿ ಬದಿಯ ಕಳೆಯಲ್ಲೇ ಸಾರಿಗೆ ಆಗುವ ಸೊಪ್ಪು ಯಾವುದು ಅಂತ ಗೊತ್ತಾಗುತ್ತದೆ. ನಡಿಗೆ ನಿಧಾನವಾಗುತ್ತದೆ ಅಷ್ಟೇ.

ನೀರುಕಾಗೆಯ ವಿಷಯಕ್ಕೆ ಬರೋಣ. ಬಾತಿನ ಗರಿಗೆ ನೀರು ಅಂಟುವುದಿಲ್ಲ, ಗರಿಯ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಆದ್ದರಿಂದ ತೇಲುತ್ತದೆ. ನೀರುಕಾಗೆಯ ಗರಿಯ ಹೊರಭಾಗ ಬೇಗ ನೆನೆಯುತ್ತದೆ. ಗಾಳಿ ಹೊರಗೆ ಹೋಗಿ ಮೈ ಭಾರವಾಗುತ್ತದೆ. ಅದರಿಂದಲೇ ಅದಕ್ಕೆ ಅಷ್ಟು ಆಳಕ್ಕೆ ಮುಳುಗಿ ಮೀನು ಹಿಡಿಯಲು ಆಗುವುದು. ಅದರಿಂದಲೇ ಹಾರುವುದಕ್ಕೆ ತ್ರಾಸ. ಬೇಟೆಯಾದ ಮೇಲೆ ಬಿಸಿಲಿಗೆ ಕೂತು ಒಣಗಬೇಕು. ನಮಸ್ಕಾರವೂ ಅಲ್ಲ, ಸೋಮಾರಿತನವೂ ಅಲ್ಲ, ಅದು ಮುಳುಗುವ ಕೆಲಸದ ಎರಡನೇ ಅರ್ಧ.

ಈಗ ಜೇಬಿನ ಪ್ರಶ್ನೆ ತೆಗೆಯಿರಿ

ಪುಸ್ತಕ ಬಿಡಿಸಿ, ಬೆಳಿಗ್ಗೆ ಬರೆದ ಸಾಲನ್ನು ಟಿಪ್ಪಣಿಯ ಪಕ್ಕದಲ್ಲಿಟ್ಟು ಓದಿ. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸಿದರೆ ಬಲವಂತ ಬೇಡ, ಅವತ್ತಿಗೆ ಮುಗಿಯಿತು. ಹೆಚ್ಚಿನ ದಿನ ಹಾಗೇ ಆಗುತ್ತದೆ. ಸಂಬಂಧ ಇದೆ ಅನ್ನಿಸಿದರೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಜೀವಿ ಏನನ್ನು ಪಡೆದುಕೊಂಡಿದೆ, ಅದಕ್ಕೆ ಏನು ಬೆಲೆ ಕೊಟ್ಟಿದೆ?

‘ಮಕ್ಕಳ ಮೇಲೆ ಯಾಕೆ ರೇಗುತ್ತೇನೆ’ ಅನ್ನುವ ಪ್ರಶ್ನೆ ಇಟ್ಟುಕೊಂಡವರು ಒಬ್ಬ ನರ್ಸ್ ಅಂತ ಇಟ್ಟುಕೊಳ್ಳಿ. ದಿನವಿಡೀ ಬೇರೆಯವರ ನೋವು, ಅಳು, ಸಂಬಂಧಿಕರ ಕೂಗಾಟ. ಅವರು ಒಳ್ಳೆಯ ನರ್ಸ್ ಆಗಿರುವುದಕ್ಕೆ ಕಾರಣವೇ ಅದೆಲ್ಲ ಅವರ ಒಳಗೆ ಇಳಿಯುತ್ತದೆ ಅನ್ನುವುದು. ಇಳಿಯದವರು ಇಂಜೆಕ್ಷನ್ ಕೊಟ್ಟು ಹೋಗುತ್ತಾರೆ. ಹಾಗಿರುವಾಗ ‘ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಅನ್ನುವ ಸಲಹೆ ಅವರಿಗೆ ಕೆಲಸಕ್ಕೆ ಬಾರದು. ಅದು ನೀರುಕಾಗೆಗೆ ಬಾತಾಗು ಅಂದ ಹಾಗೆ. ಅವರಿಗೆ ಬೇಕಾದ್ದು ಆಸ್ಪತ್ರೆ ಮತ್ತು ಮನೆಯ ನಡುವೆ ಅರ್ಧ ಗಂಟೆ. ಬಸ್ ಸ್ಟಾಪಿನಲ್ಲಿ ಒಂದು ಬಸ್ ಬಿಟ್ಟು ಇನ್ನೊಂದಕ್ಕೆ ಹತ್ತುವಷ್ಟು ಹೊತ್ತು. ‘ವಿಶ್ರಾಂತಿ ಒಳ್ಳೆಯದು’ ಅನ್ನುವುದು ಎಲ್ಲರಿಗೂ ಗೊತ್ತು, ಅದಕ್ಕೆ ಕೆರೆಗೆ ಹೋಗಬೇಕಿಲ್ಲ. ವಿಶ್ರಾಂತಿಯನ್ನು ಎಲ್ಲಿ, ಯಾವಾಗ, ಯಾವ ಕೆಲಸದ ಲೆಕ್ಕಕ್ಕೆ ಸೇರಿಸಬೇಕು ಅನ್ನುವುದು ಹಕ್ಕಿಯನ್ನು ಸರಿಯಾಗಿ ನೋಡಿದ್ದಕ್ಕೆ ಸಿಕ್ಕಿದ್ದು.

ಇನ್ನೊಂದು ಉದಾಹರಣೆ ದೊಡ್ಡ ಆಲದ ಮರ. ಬೆಂಗಳೂರಿನ ಹೊರಗೆ ಕೇತೋಹಳ್ಳಿಯಲ್ಲಿರುವ ಈ ಮರಕ್ಕೆ ಸುಮಾರು 400 ವರ್ಷ ಅನ್ನುತ್ತಾರೆ, ಮೂರು ಎಕರೆಯಷ್ಟು ಹರಡಿದೆ. ಭಾನುವಾರ ಅಲ್ಲಿಗೆ ಹೋದವರೆಲ್ಲ ‘ಒಗ್ಗಟ್ಟಿನಲ್ಲಿ ಬಲವಿದೆ’ ಅಂತ ಒಂದು ಸಾಲು ಹಾಕಿ ಕಡಲೆಕಾಯಿ ತಿಂದು ಬರುತ್ತಾರೆ. ಆದರೆ ಅಲ್ಲಿನ ಮುಖ್ಯ ಸಂಗತಿ ಬೇರೆ. ಆ ಮರದ ಮೂಲ ಕಾಂಡವೇ ಈಗಿಲ್ಲ. ರೋಗ ಹಿಡಿದು ಹೋಯಿತು. ಇವತ್ತು ನೀವು ನೋಡುವುದು ಬಿಳಲುಗಳನ್ನು, ಅಂದರೆ ಒಂದು ಕಾಲಕ್ಕೆ ಕೊಂಬೆಯಿಂದ ನೇತಾಡುತ್ತಿದ್ದ ಬೇರುಗಳನ್ನು.

ಅಂಗಡಿಯನ್ನು ಮಗನಿಗೆ ಬಿಡುವ ಪ್ರಶ್ನೆ ಇರುವವರು ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಲಿ. ನೇತಾಡುವ ಬಿಳಲು ಬಳ್ಳಿಯಷ್ಟೇ ಸಣ್ಣದು, ಮಕ್ಕಳು ಹಿಡಿದು ಜೀಕುವಂಥದ್ದು. ಅದು ನೆಲ ಮುಟ್ಟಿ ತಾನೇ ಮಣ್ಣಿನಿಂದ ನೀರು ಎಳೆಯಲು ಶುರು ಮಾಡಿದ ಮೇಲೆ ಮಾತ್ರ ದಪ್ಪವಾಗುತ್ತದೆ, ಕಾಂಡವಾಗುತ್ತದೆ. ಊರೊಳಗಿನ ಆಲದ ಮರಗಳನ್ನು ನೋಡಿ: ಕೆಳಗೆ ಕಾಂಕ್ರೀಟ್, ಬಸ್ಸಿಗೆ ತಾಗುತ್ತದೆ ಅಂತ ಬಿಳಲುಗಳನ್ನು ಕತ್ತರಿಸಿರುತ್ತಾರೆ. ನೂರು ವರ್ಷವಾದರೂ ಒಂದೇ ಕಾಂಡ. ಹಾಗಾದರೆ ಕೇಳಿಕೊಳ್ಳಬೇಕಾದ್ದು ಮಗ ತಯಾರಿದ್ದಾನಾ ಅಂತ ಅಲ್ಲ. ಅವನ ಕೈಗೆ ಒಂದಾದರೂ ಸ್ವಂತ ವ್ಯವಹಾರ ಕೊಟ್ಟಿದ್ದೇನಾ? ಹೋಲ್‌ಸೇಲ್‌ನವರ ಜೊತೆ ಮಾತಾಡಲು ಬಿಟ್ಟಿದ್ದೇನಾ? ಗಲ್ಲಾಪೆಟ್ಟಿಗೆ ಬೀಗ ಇನ್ನೂ ನನ್ನ ಸೊಂಟದಲ್ಲೇ ಇದೆಯಾ?

ಹೊಂದದ ಕಡೆ ಗುರುತು ಹಾಕಿ

ಪ್ರತಿ ಹೋಲಿಕೆಯೂ ಎಲ್ಲೋ ಒಂದು ಕಡೆ ಮುರಿಯುತ್ತದೆ. ಎಲ್ಲಿ ಮುರಿಯುತ್ತದೆ ಅಂತ ಬರೆದಿಡಿ. ಬಿಳಲಿಗೆ ಬೇರೆ ಊರಿಗೆ ಹೋಗಿ ಕೆಲಸ ಮಾಡುವ ಆಸೆ ಇರುವುದಿಲ್ಲ, ಮಗನಿಗೆ ಇರಬಹುದು. ಆ ಪ್ರಶ್ನೆಗೆ ಆಲದ ಮರದಲ್ಲಿ ಉತ್ತರ ಇಲ್ಲ, ಮಗನನ್ನೇ ಕೇಳಬೇಕು.

ಇದನ್ನು ಮರೆತರೆ ಅಪಾಯವೂ ಇದೆ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಬಸರಿ, ಗೋಣಿ ಮರಗಳು ಹಕ್ಕಿಯ ಹಿಕ್ಕೆಯ ಜೊತೆ ಬಿದ್ದ ಬೀಜದಿಂದ ಇನ್ನೊಂದು ಮರದ ಮೇಲೆ ಹುಟ್ಟಿ, ಬೇರು ಇಳಿಸಿ, ಆಶ್ರಯ ಕೊಟ್ಟ ಮರವನ್ನೇ ಅಪ್ಪಿ ಮುಗಿಸಬಹುದು. ಇದನ್ನು ನೋಡಿ ‘ಲೋಕವೇ ಹೀಗೆ, ಬಲ ಇದ್ದವರದ್ದೇ ಕಾಲ’ ಅಂತ ತೀರ್ಮಾನಿಸುವವರು ಸಿಗುತ್ತಾರೆ. ಇನ್ನೊಬ್ಬರು ಅದೇ ಮರದ ಹಣ್ಣಿಗೆ ಬರುವ ಮಂಗಟ್ಟೆ, ಗಿಣಿ, ಮಂಗಗಳನ್ನು ನೋಡಿ ದಾನ, ಧರ್ಮ ಅಂತ ಬರೆಯುತ್ತಾರೆ. ಮರ ಎರಡನ್ನೂ ಹೇಳಿಲ್ಲ. ಯಾರಿಗೆ ಅನ್ಯಾಯವಾಗಿದೆ, ಯಾರಿಗೆ ಕ್ಷಮೆ ಕೊಡಬೇಕು ಅಂತ ತೀರ್ಪು ಹೇಳುವ ಕೆಲಸವನ್ನು ಕಾಡಿಗೆ ಒಪ್ಪಿಸಬೇಡಿ. ಅವಧೂತನ ಪಟ್ಟಿಯಲ್ಲಿ ಎಚ್ಚರಿಕೆಯ ಗುರುಗಳೂ ಇದ್ದರಲ್ಲ, ಅದಕ್ಕೇ.

ಗಾದೆಯನ್ನೂ ಒರೆಗೆ ಹಚ್ಚಬೇಕು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಅನ್ನುತ್ತೇವೆ. ಆಸ್ತಿ ಜಗಳದ ಮನೆಗಳಲ್ಲಿ ಈ ಮಾತು ಬಾರದ ದಿನವಿಲ್ಲ. ಹುತ್ತದ ಮುಂದೆ ನಿಂತು ನೋಡಿ. ಹಾವು ಸಾಮಾನ್ಯವಾಗಿ ಸೇರುವುದು ಗೆದ್ದಲು ಬಿಟ್ಟುಹೋದ ಹುತ್ತವನ್ನು ಅಥವಾ ಅದರ ಟೊಳ್ಳು ಭಾಗವನ್ನು. ಗೆದ್ದಲು ಇರುವ ಹುತ್ತದಲ್ಲಿ ಒಳಗೆ ಬೇಸಾಯ ನಡೆಯುತ್ತಿರುತ್ತದೆ. ನಮ್ಮಲ್ಲಿ ದೊಡ್ಡ ಹುತ್ತ ಕಟ್ಟುವ ಗೆದ್ದಲುಗಳು ಒಣ ಎಲೆ, ಕಟ್ಟಿಗೆ ಚೂರು ತಂದು ಅದರ ಮೇಲೆ ಒಂದು ಬಗೆಯ ಶಿಲೀಂಧ್ರ ಬೆಳೆಸಿ ತಿನ್ನುತ್ತವೆ. ಮುಂಗಾರಿನ ಹೊತ್ತಿಗೆ ಹುತ್ತದ ಹತ್ತಿರ ಏಳುವ ಅಣಬೆ, ಹಳ್ಳಿಯಲ್ಲಿ ಜಗಳವಾಡಿಕೊಂಡು ಕಿತ್ತು ತರುತ್ತಾರಲ್ಲ, ಅದು ಆ ತೋಟದ್ದೇ. ಅಂದರೆ ಹಾವಿನ ಲೆಕ್ಕ ಹೇಳುವ ಗಾದೆ ಅಣಬೆಯ ಲೆಕ್ಕ ಹೇಳುವುದಿಲ್ಲ. ‘ನಾನು ದುಡಿದದ್ದನ್ನು ತಮ್ಮ ತಿಂದ’ ಅನ್ನುವ ನೋವು ಇರುವವರು ಎರಡನ್ನೂ ಬರೆದು ನೋಡಬಹುದು: ಅವನು ಹಿಡಿದದ್ದು ನಾನು ಇನ್ನೂ ಬದುಕುತ್ತಿದ್ದ ಕೋಣೆಯನ್ನೋ, ಬಿಟ್ಟು ಬಂದ ಕೋಣೆಯನ್ನೋ? ಉತ್ತರ ನಿಮ್ಮ ಪರವಾಗಿಯೇ ಬರಬಹುದು. ಆಗ ವಕೀಲರ ಹತ್ತಿರ ಹೋಗಿ, ಕೆರೆ ಹತ್ತಿರ ಬೇಡ.

ಪಾಠ ಅಂದರೆ ಮುಂದಿನ ವಾರ ಮಾಡುವ ಕೆಲಸ

‘ಮರದ ಹಾಗೆ ಬಾಳಬೇಕು’, ‘ನದಿಯ ಹಾಗೆ ಹರಿಯಬೇಕು’ ಇವು ಕ್ಯಾಲೆಂಡರಿಗೆ ಚೆನ್ನ. ನಿಮ್ಮ ಪುಸ್ತಕದಲ್ಲಿ ಬರೆಯುವ ಪಾಠಕ್ಕೆ ದಿನ, ಹೊತ್ತು, ಕೆಲಸ ಇರಬೇಕು. ‘ಸೋಮವಾರದಿಂದ ಡ್ಯೂಟಿ ಮುಗಿದ ಮೇಲೆ ಅರ್ಧ ಗಂಟೆ ಪಾರ್ಕಿನ ಬೆಂಚು, ಆಮೇಲೆ ಮನೆ.’ ‘ಈ ತಿಂಗಳಿನ ಖರೀದಿ ಪೂರ್ತಿ ಮಗನದ್ದು, ನಾನು ಬಾಯಿ ಹಾಕುವುದಿಲ್ಲ.’ ಹದಿನೈದು ದಿನ ಮಾಡಿ ನೋಡಿ. ಆಗದಿದ್ದರೆ ಗೀಟು ಹಾಕಿ ಕೆಳಗೆ ಯಾಕೆ ಆಗಲಿಲ್ಲ ಅಂತ ಒಂದು ಸಾಲು ಬರೆಯಿರಿ.

ಅದೇ ಮರವನ್ನು, ಅದೇ ಹಕ್ಕಿಯನ್ನು ಇನ್ನೊಂದು ಕಾಲದಲ್ಲೂ ನೋಡಬೇಕು. ಬೇಸಿಗೆ ಹತ್ತಿರ ಬಂದಾಗ ಎಲೆಯೇ ಇಲ್ಲದ ಮುತ್ತುಗದ ಮರದ ತುಂಬ ಕಿತ್ತಳೆ ಕೆಂಪು ಹೂವು. ಎಲ್ಲ ಕಳೆದುಕೊಂಡಾಗಲೇ ಅರಳುವುದು ಅಂತ ಕವಿತೆ ತಾನಾಗಿ ಬಂದುಬಿಡುತ್ತದೆ. ಜುಲೈನಲ್ಲಿ ಹೋಗಿ. ಮೂರು ಮೂರು ಅಗಲ ಎಲೆಗಳ ಸಾಧಾರಣ ಮರ, ಯಾರೂ ತಿರುಗಿ ನೋಡುವುದಿಲ್ಲ. ಊಟದ ಎಲೆ ಹಚ್ಚುವುದು ಆ ಎಲೆಗಳಿಂದ. ಮುಂದಿನ ಹೂವಿಗೆ ಬೇಕಾದ ಅನ್ನವನ್ನು ಮರ ತಯಾರು ಮಾಡಿಕೊಳ್ಳುವುದೂ ಆ ಎಲೆಗಳಲ್ಲಿ. ಹೂವಿನ ದಿನ ಮಾತ್ರ ನೋಡಿ ಬರೆದ ಪಾಠ ಅರ್ಧ ಪಾಠ.

ಮಲೆನಾಡಿನ ಕಾಡಿಗೆ ಹೋಗುವುದಾದರೆ

ಕೆರೆ ಏರಿಯ ನಡಿಗೆಗೆ ನೀರು, ಟೋಪಿ ಸಾಕು. ಕಾಡು ಬೇರೆ. ಕುದುರೆಮುಖ, ಕುಮಾರ ಪರ್ವತದಂಥ ಚಾರಣಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿ. ಕಾಡ್ಗಿಚ್ಚಿನ ಕಾಲದಲ್ಲೂ ಜೋರು ಮಳೆಯಲ್ಲೂ ಎಷ್ಟೋ ದಾರಿಗಳನ್ನು ಮುಚ್ಚುತ್ತಾರೆ. ಒಬ್ಬರೇ ಹೋಗಬೇಡಿ, ಆನೆ ಓಡಾಡುವ ಕಡೆ ಕತ್ತಲಾಗುವ ಮೊದಲೇ ಹೊರಗೆ ಬನ್ನಿ. ಕಿವಿಗೆ ಇಯರ್‌ಫೋನ್ ಅಂತೂ ಬೇಡವೇ ಬೇಡ.

ಮಳೆಗಾಲದಲ್ಲಿ ಇಂಬಳ ಹತ್ತುತ್ತದೆ. ಉಪ್ಪು, ಸುಣ್ಣ ಅಥವಾ ಹೊಗೆಸೊಪ್ಪಿನ ನೀರು ಮುಟ್ಟಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಹೆದರಬೇಡಿ. ಅದಕ್ಕಿಂತ ಗಂಭೀರವಾದದ್ದು ಉಣುಗು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು, ಡಿಸೆಂಬರ್‌ನಿಂದ ಮೇವರೆಗೆ ಜೋರು. ಆ ತಿಂಗಳುಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ತರಗೆಲೆ ಮೇಲೆ ಕೂತು ಧ್ಯಾನ ಮಾಡುವ ಆಸೆಯನ್ನು ಮಳೆಗಾಲದ ನಂತರಕ್ಕೆ ಇಟ್ಟುಕೊಳ್ಳಿ. ಸತ್ತ ಮಂಗ ಕಂಡರೆ ಆ ಜಾಗ ಬಿಟ್ಟು ಬಂದು ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಕಾಡಿನಿಂದ ಬಂದ ಮೇಲೆ ಜೋರು ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ಹೇಳಲೇಬೇಕು.

ಎಲ್ಲಿಂದ ಶುರು ಮಾಡುವುದು

ಏನು ನೋಡಬೇಕು ಅಂತ ತೋಚದವರಿಗೆ ದಕ್ಷಿಣ ಕರ್ನಾಟಕದ ಒಂದು ಅಂದಾಜು ಪಂಚಾಂಗ ಕೊಡುತ್ತೇನೆ. ಬೇಸಿಗೆಯ ಶುರುವಿಗೆ ಹೊಂಗೆ ಎಲೆ ಉದುರಿಸಿ ಕೆಲವೇ ದಿನಗಳಲ್ಲಿ ಹೊಳೆಯುವ ತಿಳಿಹಸಿರು ಹೊದೆಯುತ್ತದೆ. ಆ ಚಿಗುರಿಗೆ ಮೊದಲು ಯಾವ ಹುಳ ಬರುತ್ತದೆ ನೋಡಿ. ವರ್ಷದ ಕೊನೆಗೆ ಒಂದೇ ಒಂದು ಕಲೆ, ಗಂಟು ಇಲ್ಲದ ಹೊಂಗೆ ಎಲೆ ಹುಡುಕಲು ಪ್ರಯತ್ನಿಸಿ. ನೆರಳಿಗೆ ಅದರಿಂದ ಏನಾದರೂ ಕೊರತೆಯಾಗಿದೆಯಾ ಅಂತಲೂ ನೋಡಿ. ಮುಂಗಾರು ಹಿಡಿದ ಮೇಲೆ ಬಿದಿರು ಮೆಳೆಯಲ್ಲಿ ಕಳಲೆ ಏಳುತ್ತದೆ. ನಾಲ್ಕೈದು ವರ್ಷ ನೆಲದೊಳಗೇ ಇದ್ದು ದಿಢೀರನೆ ಏಳುವ ಬಿದಿರಿನ ಕಥೆಯನ್ನು ನಂಬಬೇಡಿ, ಅದು ಹದ್ದಿನ ಕಥೆಯ ಅಣ್ಣ. ಕಳಲೆ ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟುವುದು ನಿಜ, ಆದರೆ ಅದಕ್ಕೆ ಉಣಿಸುವುದು ಮೆಳೆಯ ಹಳೆಯ ಬಿದಿರುಗಳು ಕೂಡಿಟ್ಟದ್ದು. ಮಳೆ ನಿಂತು ಇಬ್ಬನಿ ಶುರುವಾದಾಗ ಜೇಡರ ಬಲೆಗಳು ಚೆನ್ನಾಗಿ ಕಾಣುತ್ತವೆ, ಬೆಳಿಗ್ಗೆ ಬಲೆ ಹರಿದು ಹಾಕಿ ಸಂಜೆಗೆ ಹೊಸದು ನೇಯುವ ಜೇಡಗಳೂ ಇವೆ.

ಡಿಸೆಂಬರ್, ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನುವ ಊರಿನ ಕೆರೆಗೋ ಗದಗ ಜಿಲ್ಲೆಯ ಮಾಗಡಿ ಕೆರೆಗೋ ಹೋಗಿ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿರುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಗುರುತು ತಪ್ಪುವುದಿಲ್ಲ. ಇವು ಒಂದೇ ಸಮ ಎತ್ತರದಲ್ಲಿ ಹಾರಿ ಬರುತ್ತವೆ ಅಂತ ಮೊದಲು ಭಾವಿಸಿದ್ದರು. ಮೈಗೆ ಯಂತ್ರ ಕಟ್ಟಿ ಅಳೆದಾಗ ಬೇರೆಯೇ ಕಂಡಿತು. ಅವು ಬೆಟ್ಟ ಏರಿದ ಹಾಗೆ ಏರಿ, ಕಣಿವೆ ಬಂದಾಗ ಇಳಿದು, ನೆಲದ ಏರಿಳಿತವನ್ನೇ ಹಿಡಿದು ಬರುತ್ತವೆ. ಏರಿದ ಎತ್ತರವನ್ನು ಬಿಟ್ಟುಕೊಟ್ಟು ಮತ್ತೆ ಏರುವುದೇ, ತೆಳು ಗಾಳಿಯಲ್ಲಿ ಮೇಲೇ ಉಳಿಯುವುದಕ್ಕಿಂತ ಕಡಿಮೆ ಶ್ರಮ. ಪ್ರಶ್ನೆ ಬರೆದ ಪುಸ್ತಕ ತೆಗೆದುಕೊಂಡು ಹೋಗಿ, ಬೈನಾಕ್ಯುಲರ್ ಇದ್ದರೆ ಅದನ್ನೂ. ರಾತ್ರಿ ಹೊಲಗಳಲ್ಲಿ ಮೇಯ್ದ ಹಿಂಡು ಬೆಳಗಾಗುವಾಗ ಕೆರೆಗೆ ವಾಪಸ್ ಬರುತ್ತದೆ, ಆದ್ದರಿಂದ ಏಳು ಗಂಟೆಯೊಳಗೆ ಅಲ್ಲಿರಿ. ಬಣ್ಣಬಣ್ಣದ ಬಟ್ಟೆ ಬೇಡ, ಏರಿ ಮೇಲೆ ಎದ್ದು ನಿಲ್ಲಬೇಡಿ, ಒಂದು ಹಕ್ಕಿ ಹೆದರಿ ಎದ್ದರೆ ಇಡೀ ಹಿಂಡು ಏಳುತ್ತದೆ.